ಮುನಾಪೆಯ ಕೊಕ್ಕಿಗೆ ಸಿಕ್ಕಿದ ಬಲೆ

ಸಬ್ಬತ್ ದಿನ, ಅಂದರೆ ಶನಿವಾರದ ಪ್ರಾರ್ಥನೆಯ ದಿನ, ಹಿರೋವೆ ಎಂಬ ಕಡಲೂರಿನಲ್ಲಿ ಕೆಲಸದ ಮಾತು ಆಡುವಂತಿಲ್ಲ. ಹಾಗಾಗಿ ಶುಕ್ರವಾರ ಸಂಜೆ ಕಡಲಿನಿಂದ ಬಂದ ಸುದ್ದಿಯನ್ನು ಊರು ಶನಿವಾರವಿಡೀ ಬಾಯೊಳಗೇ ಇಟ್ಟುಕೊಂಡು ಚಡಪಡಿಸಿತು. ಭಾನುವಾರ ಬೆಳಕು ಹರಿಯುತ್ತಲೇ ಹೆಂಗಸರು ಗಂಡಸರೆನ್ನದೆ ಎಲ್ಲರೂ ಇಗರ್ಜಿಯ ಪಕ್ಕದ ದೊಡ್ಡ ಮರದ ಕೆಳಗೆ ಬಂದು ಕೂತರು.

ಸುದ್ದಿ ಕೆಟ್ಟದ್ದೇ. ಟ್ಯೂನಾ ಹಿಡಿಯುವ ಯಾವುದೋ ದೊಡ್ಡ ಹಡಗಿನವರು ನಡುಗಡಲಲ್ಲಿ ತೇಲಿಬಿಟ್ಟಿದ್ದ ಬಿದಿರಿನ ತೆಪ್ಪವೊಂದು ಅಲೆದು ಅಲೆದು ಮುನಾಪೆ ದ್ವೀಪದ ಹವಳದಂಡೆಗೆ ಬಂದು ಸಿಕ್ಕಿಕೊಂಡಿತ್ತು. ಮೀನು ನೆರಳಿಗೆ ಸೇರಲೆಂದು ಅಂಥ ತೆಪ್ಪಗಳ ಅಡಿಗೆ ಹಳೇ ಬಲೆಯನ್ನು ಪರದೆಯ ಹಾಗೆ ಇಳಿಬಿಟ್ಟಿರುತ್ತಾರೆ. ಆ ಬಲೆ ಈಗ ದಂಡೆಯ ಪಡುವಣ ತುದಿಯ ಗೋಡೆಗೆ ಅಂಟಿಕೊಂಡು ಆಳದವರೆಗೆ ನೇತಾಡುತ್ತಿತ್ತು. ಹಕ್ಕಿಯ ಮೂತಿಯಂತೆ ಕಡಲಿಗೆ ಚಾಚಿದ ಆ ತುದಿಯನ್ನು ಊರವರು ಕೊಕ್ಕು ಎನ್ನುತ್ತಿದ್ದರು. ಕೊಕ್ಕು ಬ್ಯಾರಕುಡಾ ಮೀನುಗಳ ತಾಣ. ಹಗಲಿಡೀ ಅಲ್ಲಿ ಅವು ನೂರಾರು ಸೇರಿ ನೀರಿನೊಳಗೆ ಬೆಳ್ಳಿಯ ಚಕ್ರದಂತೆ ಸುತ್ತುತ್ತಿದ್ದವು. ಸಂಜೆ ಕವಿಯುತ್ತಲೇ ಒಂದೊಂದಾಗಿ ಬೇಟೆಗೆ ಚದುರಿ, ಬೆಳಗಾಗುವ ಹೊತ್ತಿಗೆ ತಿರುಗಿ ಅದೇ ಜಾಗಕ್ಕೆ ಬಂದು ಕೂಡುತ್ತಿದ್ದವು.

ಹಿರೋವೆಯ ಅರ್ಧ ಊರಿಗೆ ಬ್ಯಾರಕುಡಾ ಬೆಡಗಿನ ಮೀನು, ಕುಲದ ಗುರುತು. ಆ ಬೆಡಗಿನವರು ಅದನ್ನು ತಿನ್ನುವಂತಿಲ್ಲ. ಆದರೆ ಈಗಿನ ಚಿಂತೆ ಅದೊಂದೇ ಅಲ್ಲ. ಮೀನು ಬರಿದಾಗುತ್ತಿದೆಯೆಂದು ಕೆಲವು ವರ್ಷದ ಹಿಂದೆ ಊರು ತಾನಾಗಿಯೇ ಮುನಾಪೆಯ ದಂಡೆಗೆ ಕಟ್ಟು ಹಾಕಿಕೊಂಡಿತ್ತು. ಅಲ್ಲಿ ಗಾಳ ಇಲ್ಲ, ಬಲೆ ಇಲ್ಲ, ಈಟಿ ಇಲ್ಲ. ಅರ್ಧ ಜನ ಒಲ್ಲದ ಮನಸ್ಸಿನಿಂದ ಒಪ್ಪಿದ್ದರು.

"ನಾವು ಬಾಯಿ ಕಟ್ಟಿಕೊಂಡು ಕೂತ್ವಿ, ಹಡಗಿನವರ ಬಲೆ ಬಂದು ತಿಂತು," ಎಂದ ಗುಂಪಿನಿಂದೊಬ್ಬ. "ಇನ್ಯಾಕೆ ಕಟ್ಟು? ತೆಗೆದುಹಾಕಿ. ಉಳಿದದ್ದನ್ನ ನಾವಾದ್ರೂ ತಿನ್ನೋಣ."

ಹಲವರು ತಲೆಯಾಡಿಸಿದರು. ಊರ ಹಿರಿಯ ರಿರಿಂಗಿ ಕೈಯೆತ್ತಿ ಸುಮ್ಮನಾಗಿಸಿದ.

"ಮೊದಲು ಬಲೆ ಬರ್ಲಿ. ಆಮೇಲೆ ಕಟ್ಟಿನ ಮಾತು. ಅಮಾವಾಸ್ಯೆ ಸೆಳವು ಶುರುವಾದ್ರೆ ಆ ಬಲೆ ಇಡೀ ದಂಡೆನ ಗುಡಿಸಿಕೊಂಡು ಹೋಗುತ್ತೆ. ಅಷ್ಟರೊಳಗೆ ಕಿತ್ತು ತರಬೇಕು. ವೇಲಿನ್, ನೀನು ಹೋಗ್ತೀಯಾ?"

ಎಲ್ಲರ ಕಣ್ಣೂ ಅವಳ ಕಡೆ ತಿರುಗಿದವು. ವೇಲಿನ್ ತೊಜಾಕಾ ಮೂವತ್ತು ದಾಟಿದ ಹೆಣ್ಣು. ಅಳಿವೆಯಾಚೆಯ ಪ್ರವಾಸಿ ಮನೆಯಲ್ಲಿ ವರ್ಷಗಟ್ಟಲೆ ಪರದೇಶದವರನ್ನು ಕಡಲಡಿಗೆ ಕರೆದೊಯ್ದು ಮೀನು ತೋರಿಸಿದವಳು. ಗಾಳಿ ತುಂಬಿದ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಆಳಕ್ಕೆ ಇಳಿಯಬಲ್ಲವರು ಊರಿನಲ್ಲಿ ಅವಳೊಬ್ಬಳೇ.

"ಹೋಗ್ತೀನಿ," ಎಂದಳು ವೇಲಿನ್. "ದೋಣಿಗೆ ಕಿತುರು ಮಾವ ಬೇಕು. ನೀರಿಗೆ ಕೊನಾಯಿ ಭಾವ ಬೇಕು."

ಕಿತುರು ಅವಳ ಸೋದರಮಾವ. ಮುನಾಪೆಯ ನೀರನ್ನು ಅವನಷ್ಟು ಬಲ್ಲವರಿಲ್ಲ. ಕಟ್ಟು ಬೇಡವೆಂದು ಅಂದು ಎಲ್ಲರಿಗಿಂತ ಜೋರಾಗಿ ಕೂಗಿದವನೂ ಅವನೇ. ಕೊನಾಯಿ ವೇಲಿನ್‌ಳ ಅಕ್ಕನ ಗಂಡ, ಮಲೈಟಾ ದ್ವೀಪದಿಂದ ಬಂದ ಅಳಿಯ. ಬರಿ ಉಸಿರು ಬಿಗಿಹಿಡಿದು ಮುಳುಗಿ ಈಟಿಯಲ್ಲಿ ಮೀನು ಹೊಡೆಯುವ ಗಟ್ಟಿಗ.

"ನನ್ನ ಬೆಡಗಿಗೆ ಬ್ಯಾರಕುಡಾ ನಿಷೇಧ ಇಲ್ಲ, ಗೊತ್ತಲ್ಲ ನಾದಿನಿ?" ಎಂದು ಕೊನಾಯಿ ಹಲ್ಲು ಕಿರಿದ. "ಸತ್ತಿರೋದು ಸಿಕ್ಕಿದ್ರೆ ಸುಟ್ಟು ತಿಂತೀನಿ."

"ತಿನ್ನು ತಿನ್ನು. ಆ ಮೀನಿನ ನಂಜಿಗೆ ತುಟಿ ಜೋಮು ಹಿಡಿದು ಒಂದು ತಿಂಗಳು ಮಾತು ನಿಂತ್ರೆ ಅಕ್ಕನಿಗೆ ನೆಮ್ಮದಿ," ಎಂದಳು ವೇಲಿನ್. ಗಂಭೀರವಾಗಿದ್ದ ಸಭೆ ಗೊಳ್ಳೆಂದು ನಕ್ಕಿತು.

ಕಿತುರು ಮಾತ್ರ ನಗಲಿಲ್ಲ. ಎದ್ದು ಬಟ್ಟೆ ಕೊಡವಿಕೊಂಡು, "ಪೆಟ್ರೋಲು ತುಂಬಿಸಿ," ಎಂದಷ್ಟೇ ಹೇಳಿ ದಡದ ಕಡೆ ನಡೆದ.

*

ಫೈಬರ್ ದೋಣಿ ಅಳಿವೆಯ ಬಾಯಿ ದಾಟುತ್ತಲೇ ಕಡಲು ಬಣ್ಣ ಬದಲಿಸಿತು. ತಿಳಿಹಸಿರು ಹಿಂದೆ ಉಳಿದು, ಮುಂದೆ ಶಾಯಿಯಂಥ ನೀಲಿ. ದೊಡ್ಡ ದೊಡ್ಡ ಅಲೆಗಳು ಅವಸರವಿಲ್ಲದೆ ಏರಿ ಇಳಿಯುತ್ತಿದ್ದವು. ದೋಣಿ ಅವುಗಳ ನೆತ್ತಿ ಹತ್ತಿದಾಗ ದೂರದಲ್ಲಿ ಮುನಾಪೆ ಕಾಣುತ್ತಿತ್ತು. ಇಳಿದಾಗ ನೀರಿನ ಗೋಡೆಗಳ ಹೊರತು ಏನೂ ಇಲ್ಲ. ಹಾರುಮೀನುಗಳು ದೋಣಿಯ ಮೂತಿಯ ಮುಂದೆ ಚಿಮ್ಮಿ, ಬಿಸಿಲಿನಲ್ಲಿ ಮಿಂಚಿ, ಮತ್ತೆ ನೀರಿಗೆ ಜಾರುತ್ತಿದ್ದವು. ಕಿತುರು ಹಿಂದೆ ಯಂತ್ರದ ಹಿಡಿಕೆ ಹಿಡಿದು ಕೂತಿದ್ದ. ನಡುವೆ ಗಾಳಿಯ ಸಿಲಿಂಡರುಗಳು, ಖಾಲಿ ಪ್ಲಾಸ್ಟಿಕ್ ಡ್ರಮ್ಮುಗಳು, ಹಗ್ಗದ ಸುರುಳಿ, ಒಂದು ಬುಟ್ಟಿ ಗೆಣಸು. ಕತ್ತಿಗಳ ಜೊತೆ ವೇಲಿನ್ ಅಕ್ಕನ ಅಡುಗೆಮನೆಯಿಂದ ಬ್ರೆಡ್ಡು ಕೊಯ್ಯುವ ಗರಗಸದ ಚೂರಿಗಳನ್ನೂ ಎತ್ತಿಕೊಂಡು ಬಂದಿದ್ದಳು. ನೈಲಾನ್ ದಾರಕ್ಕೆ ಅವೇ ಸರಿ.

ಮುನಾಪೆ ಹತ್ತಿರವಾದಂತೆ ಬೆಳೆಯಿತು. ಅದು ಆರಿಹೋದ ಬೆಂಕಿಬೆಟ್ಟ. ನೀರಿನಿಂದ ನೇರ ಎದ್ದು, ತಲೆಗೆ ಮೋಡದ ಮುಂಡಾಸು ಸುತ್ತಿಕೊಂಡು ನಿಂತಿತ್ತು. ಮೈತುಂಬ ಕಾಡು. ಯಾರ ಮನೆಯೂ ಇಲ್ಲ. ದೋಣಿ ಎಳೆಯಲು ಇರುವುದು ಕಪ್ಪು ಮರಳಿನ ಒಂದೇ ಒಂದು ಕೊಲ್ಲಿ. ಅಲ್ಲಿ ಸಾಮಾನು ಇಳಿಸಿ, ಎಳನೀರು ಕುಡಿದು, ಮೂವರೂ ತಡಮಾಡದೆ ಕೊಕ್ಕಿನ ಕಡೆ ಹೊರಟರು.

ಹಾದಿಯಲ್ಲಿ ವೇಲಿನ್ ಭಾವನಿಗೆ ವಿವರಿಸಿದಳು: "ಕೊಕ್ಕಿನಲ್ಲಿ ಸೆಳವು ಒಂದೇ ಸಮ ಇರಲ್ಲ. ಉಬ್ಬರ ಇಳಿತದ ನಡುವೆ ನೀರು ಸ್ವಲ್ಪ ಹೊತ್ತು ನಿಲ್ಲುತ್ತೆ. ಆಗಷ್ಟೇ ಕೆಲಸ. ಅದನ್ನ ಹೇಳೋದು ಮೀನು. ನೀರು ಹರೀತಿದ್ರೆ ಎಲ್ಲಾ ಬ್ಯಾರಕುಡಾನೂ ಸೆಳವಿಗೆ ಮೂತಿ ಕೊಟ್ಟು ಸಾಲಾಗಿ ನಿಲ್ತವೆ, ಒಂದೂ ಅಲ್ಲಾಡಲ್ಲ. ನೀರು ನಿಂತ್ರೆ ಸಾಲು ಸಡಿಲಾಗಿ ಚಕ್ರ ಆಗುತ್ತೆ. ಚಕ್ರ ಇರೋವರೆಗೆ ಭಯ ಇಲ್ಲ. ಮತ್ತೆ ಸಾಲು ಕಟ್ಟಿದ್ರೆ ಎಲ್ಲಾ ಬಿಟ್ಟು ಮೇಲೆ ಬಾ."

"ಚಕ್ರನೇ ಇಲ್ದಿದ್ರೆ?" ಕಿತುರು ಕೇಳಿದ.

ವೇಲಿನ್ ಕೊಕ್ಕಿನ ಕಡೆ ನೋಡುತ್ತಾ ಸೊಂಟಕ್ಕೆ ಹಗ್ಗ ಬಿಗಿದುಕೊಂಡಳು.

*

ಬಿದಿರಿನ ತೆಪ್ಪ ದಂಡೆಯ ನೆತ್ತಿಯ ಮೇಲೆ ಮುರಿದು ಬಿದ್ದಿತ್ತು. ಅದರ ಅಂಚಿನಿಂದ ಬಲೆ ಗೋಡೆಗುಂಟ ಇಳಿದು ನೀಲಿಯಲ್ಲಿ ಕರಗಿಹೋಗಿತ್ತು. ವೇಲಿನ್ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಯನ್ನು ಮಾವನ ಕೈಗಿತ್ತು, ಗಾಜಿನ ಮುಖವಾಡ ಸರಿಮಾಡಿಕೊಂಡು ಬೆನ್ನಡಿಯಾಗಿ ನೀರಿಗೆ ಉರುಳಿದಳು.

ಗದ್ದಲವೆಲ್ಲ ನಿಂತುಹೋಯಿತು. ಉಳಿದದ್ದು ತನ್ನ ಉಸಿರಿನ ಸದ್ದು.

ಅವಳು ಮೊದಲು ಹುಡುಕಿದ್ದು ಚಕ್ರವನ್ನು. ಎಷ್ಟು ಸಲ ನೋಡಿದ್ದಳೋ ಅದನ್ನು! ತೋಳುದ್ದದ ಬೆಳ್ಳಿಮೈ, ಬೆನ್ನಿನಿಂದ ಬಾಗಿದ ಕಪ್ಪು ಪಟ್ಟೆ, ಮುಂದಕ್ಕೆ ಚಾಚಿದ ಕೆಳದವಡೆ. ಬಿಡಿಯಾಗಿ ನೋಡಿದರೆ ಸಿಡುಕು ಮೋರೆಯ ಮೀನು. ಆದರೆ ನೂರಾರು ಸೇರಿ ಸುತ್ತತೊಡಗಿದರೆ ಒಂದರ ಮೈ ತಿರುವು ಪಕ್ಕದ್ದಕ್ಕೆ, ಅದರದ್ದು ಇನ್ನೊಂದಕ್ಕೆ ಹಬ್ಬಿ, ಇಡೀ ಗುಂಪು ಒಂದೇ ಜೀವವಾಗಿ ಬಿಡುತ್ತಿತ್ತು. ಆ ಚಕ್ರದ ನಡುವೆ ತೇಲುತ್ತಾ ಪರದೇಶದವರು ನೀರಿನೊಳಗೇ ಅತ್ತದ್ದನ್ನು ಅವಳು ಕಂಡಿದ್ದಳು.

ಈಗ ಕೊಕ್ಕು ಖಾಲಿ.

ಗೋಡೆಯ ಕೆಳಗೆ, ನೀಲಿ ಕಪ್ಪಾಗುವ ಕಡೆ, ಎರಡು, ಮೂರು ಬ್ಯಾರಕುಡಾಗಳು ಅಲ್ಲೊಂದು ಇಲ್ಲೊಂದು ಬೆದರಿದವರಂತೆ ನಿಂತಿದ್ದವು. ಬಲೆಯ ಕಣ್ಣುಗಳಲ್ಲಿ ಸತ್ತ ಮೀನುಗಳು ಜೋತಾಡುತ್ತಿದ್ದವು. ಒಂದು ಆಮೆಯೂ ಇತ್ತು. ಬೂದು ಶಾರ್ಕುಗಳು ಬಲೆಯ ಹೊರಗೆ ಅತ್ತಿಂದಿತ್ತ ತಿರುಗುತ್ತಿದ್ದವು. ಅವು ಸತ್ತದ್ದಕ್ಕೆ ಬಂದವು, ತನ್ನ ತಂಟೆಗೆ ಬರುವುದಿಲ್ಲ ಎಂದುಕೊಂಡು ಅವಳು ಕೆಳಗಿಳಿದಳು.

ನಡುಗೋಡೆಯಲ್ಲಿ ಹವಳದ ಚಾಚೊಂದರ ಮೇಲೆ ಬಲೆ ಮಡಚಿ ಬಿದ್ದು ದೊಡ್ಡ ಚೀಲವಾಗಿತ್ತು. ಚೀಲದೊಳಗೆ ಹತ್ತಾರು ಬ್ಯಾರಕುಡಾಗಳು, ಜೀವಂತ! ಹೊರಬರಲು ದಾರಿಯಿಲ್ಲದೆ ಒಂದರ ಹಿಂದೊಂದು ಸಣ್ಣ ಸುತ್ತು ಹಾಕುತ್ತಿದ್ದವು. ವೇಲಿನ್ ಚೂರಿ ತೆಗೆದು ಪಕ್ಕದ ದಾರಗಳನ್ನು ಕೊಯ್ಯತೊಡಗಿದಳು. ಒಮ್ಮೆ ತಲೆಯೆತ್ತಿದಾಗ ಚೀಲದ ಮೀನುಗಳು ಸುತ್ತುವುದನ್ನು ನಿಲ್ಲಿಸಿ ಎಲ್ಲವೂ ಹೊರಕಡಲಿನ ಕಡೆ ಮೂತಿ ಮಾಡಿದ್ದವು. ದಣಿದಿರಬೇಕು ಎಂದುಕೊಂಡು ಮತ್ತೆ ಕೊಯ್ದಳು.

ಹಠಾತ್ತನೆ ಕಿವಿ ಚುಚ್ಚಿತು.

ತಾನು ಬಿಟ್ಟ ಗಾಳಿಗುಳ್ಳೆಗಳನ್ನು ನೋಡಿದಳು. ಅವು ಮೇಲಕ್ಕೆ ಹೋಗುತ್ತಿರಲಿಲ್ಲ. ತನ್ನ ಮೊಣಕಾಲು ದಾಟಿ ಕೆಳಕ್ಕೆ ಓಡುತ್ತಿದ್ದವು!

ಹೊರಕಡಲಿನ ಸೆಳವು ಗೋಡೆಗೆ ಬಡಿದು ಪಾತಾಳಕ್ಕೆ ಇಳಿಯುತ್ತಿತ್ತು, ಅವಳನ್ನೂ ಎಳೆದುಕೊಂಡು. ಕಾಲು ಬಡಿದಳು. ಇದ್ದಲ್ಲಿಂದ ಒಂದು ಗೇಣೂ ಏರಲಿಲ್ಲ. ಚೂರಿ ಬಿಟ್ಟಳು. ಎರಡೂ ಕೈಯಲ್ಲಿ ಬಲೆಯನ್ನೇ ಹಿಡಿದು ಏಣಿ ಹತ್ತುವಂತೆ ಹತ್ತತೊಡಗಿದಳು. ಬೆರಳು ಜಾರಿದರೆ ಮೊಣಕೈಯನ್ನೇ ಬಲೆಯ ಕಣ್ಣಿಗೆ ಸಿಕ್ಕಿಸಿದಳು. ಸೊಂಟದ ಹಗ್ಗ ಮೂರು ಸಲ ಜಗ್ಗಿದಳು. ಮೇಲಿನಿಂದ ಮಾವ ಎಳೆದ. ನಡುವೆ ಸಿಲಿಂಡರ್ ಬಲೆಗೆ ಸಿಕ್ಕಿ, ಬಿಡಿಸಿಕೊಂಡು, ಮತ್ತೆ ಹತ್ತಿ, ಕೊನೆಗೆ ಬಿಸಿಲು ಬಿದ್ದ ದಂಡೆಯ ನೆತ್ತಿ ತಲುಪಿ ಹವಳದ ಗುಂಡನ್ನು ತಬ್ಬಿಕೊಂಡು ಉಸಿರು ತಹಬಂದಿಗೆ ಬರುವವರೆಗೆ ಕಾದಳು.

ದೋಣಿಗೆ ಎಳೆದುಕೊಂಡಾಗ ಅವಳ ಎರಡೂ ಅಂಗೈ ಗೀರಿ ರಕ್ತ ಜಿನುಗುತ್ತಿತ್ತು.

*

ಹೊತ್ತಿಳಿಯುವ ಮುಂಚೆ ಕೊಲ್ಲಿಯಲ್ಲಿ ಬೆಂಕಿ ಹಾಕಿ ಗೆಣಸು ಸುಟ್ಟರು. ಕಾಡಿನ ಅಂಚಿನಲ್ಲಿ ಕಾಡುಕೋಳಿಯೊಂದು ಬಿಸಿಮರಳನ್ನು ಕೆದರುತ್ತಿತ್ತು. ಮೊದಲು ಬಾಯಿ ತೆರೆದವನು ಕಿತುರು.

"ಬೆಳಗ್ಗೆ ವಾಪಸ್ ಹೋಗೋಣ."

"ಬಲೆ?"

"ಬಲೆ ಇರ್ಲಿ. ನಿಮ್ಮಮ್ಮನಿಗೆ ನಾನು ಏನಂತ ಹೇಳ್ಲಿ? ಮೀನಿಗೋಸ್ಕರ ಮಗಳನ್ನ ಬಿಟ್ಟು ಬಂದೆ ಅಂತಲಾ?"

"ನಿನಗೆ ಒಳ್ಳೇದೇ ಆಯ್ತಲ್ಲ ಮಾವ," ವೇಲಿನ್‌ಳ ದನಿ ಬಿರುಸಾಯಿತು. "ಚಕ್ರ ಹೋಯ್ತು ಅಂದ್ರೆ ಕಟ್ಟೂ ಹೋಗುತ್ತೆ. ನೀನು ಅಂದಿದ್ದೂ ಅದೇ ಅಲ್ವಾ, 'ಅಲ್ಲಿ ಮೀನೂ ಬರಲ್ಲ, ಮಣ್ಣೂ ಬರಲ್ಲ, ಸುಮ್ನೆ ನಮ್ಮ ಹೊಟ್ಟೆ ಮೇಲೆ ಹೊಡೀತೀರಿ' ಅಂತ?"

ಕಿತುರು ಕೈಯಲ್ಲಿದ್ದ ಗೆಣಸನ್ನು ಎಲೆಯ ಮೇಲಿಟ್ಟ. "ಅಂದಿದ್ದೆ. ಈಗಲೂ ಅಂತೀನಿ. ಕಟ್ಟು ಹಾಕಿದ ಮೇಲೆ ಚಕ್ರ ತಿರುಗಿ ಬಂದಿತ್ತು ಅಂತ ನೀನು ಹೇಳ್ತೀಯ, ನಾನು ಕಂಡಿಲ್ಲ. ಆದ್ರೆ ನಿನ್ನ ಹಗ್ಗ ನನ್ನ ಕೈಯಲ್ಲಿ ಜಗ್ಗಿತಲ್ಲ, ಅದನ್ನ ಕಂಡೆ. ಇನ್ನೊಂದು ಸಲ ಅದನ್ನ ಹಿಡಿಯೋ ಧೈರ್ಯ ನನಗಿಲ್ಲ ಕಣಮ್ಮ."

ವೇಲಿನ್ ಮುಖ ತಗ್ಗಿಸಿದಳು.

"ಒಂದು ಮಾತು ಕೇಳ್ಲಾ?" ಕೊನಾಯಿ ನಡುವೆ ಬಾಯಿ ಹಾಕಿದ. "ಆ ಚೀಲದೊಳಗಿನ ಮೀನು ಸುತ್ತೋದು ನಿಲ್ಲಿಸಿದ್ದು ಯಾವಾಗ? ಸೆಳವು ಬಂದ ಮೇಲೋ, ಮೊದಲೋ?"

ವೇಲಿನ್ ಥಟ್ಟನೆ ತಲೆಯೆತ್ತಿದಳು.

"ಮೊದಲು! ಎಲ್ಲಾ ಹೊರಗಡೆ ಮೂತಿ ಮಾಡಿದ್ವು. ಸೆಳವು ಬಂದಿದ್ದೂ ಅಲ್ಲಿಂದಲೇ. ಅಯ್ಯೋ, ನಾನೆಂಥ ಪೆದ್ದಿ! ದೊಡ್ಡ ಚಕ್ರ ಇಲ್ಲ ಅಂತ ಕಣ್ಣು ಮುಚ್ಚಿಕೊಂಡುಬಿಟ್ಟೆ. ಚೀಲದಲ್ಲಿ ಇರೋದೂ ಚಕ್ರನೇ. ಸಣ್ಣದು, ಅಷ್ಟೇ."

ಅವಳು ಕಡ್ಡಿ ತೆಗೆದುಕೊಂಡು ಮರಳಿನಲ್ಲಿ ಗೋಡೆ ಬರೆದಳು, ಬಲೆ ಬರೆದಳು, ಚೀಲ ಬರೆದಳು. ಮೇಲಿನ ಅರ್ಧ ಭಾಗವನ್ನು ಕೊನಾಯಿ ಮುಳುಗಿ ಮುಳುಗಿ ಕೊಯ್ಯುವುದು. ಕೆಳಗಿನದು ತನಗೆ. ಕೊಯ್ದ ಕಡೆಗಳಿಗೆ ಡ್ರಮ್ಮು ಕಟ್ಟಿ ತೇಲಿಸುವುದು. ಚೀಲದ ಮೀನು ಸಾಲು ಕಟ್ಟಿದ ಕೂಡಲೇ ಇಬ್ಬರೂ ಮೇಲೆ. ಕಿತುರು ಬಗ್ಗಿ ನೋಡಿದ.

"ಮೇಲಿನ ಹಗ್ಗ ದೋಣಿಗೆ ಕಟ್ಟು," ಎಂದ, ಬೆರಳಿಂದ ಒಂದು ಗೆರೆ ಎಳೆದು. "ಸಡಿಲಾದ ಬಲೆ ನಿಮ್ಮ ಮೇಲೇ ಬೀಳಬಾರದು. ನಾನು ಹೊರಗಡೆಗೆ ಎಳೆದು ಹಿಡಿದಿರ್ತೀನಿ. ನಾಳೆ ಒಂದೇ ಸಲ. ಆಮೇಲೆ ಹಟ ಮಾಡಿದ್ರೆ ಇಬ್ಬರನ್ನೂ ಇಲ್ಲೇ ಬಿಟ್ಟು ಹೋಗ್ತೀನಿ."

"ಕಾಡುಕೋಳಿ ಮೊಟ್ಟೆ ತಿಂದ್ಕೊಂಡು ಸುಖವಾಗಿರ್ತೀವಿ ಬಿಡಿ ಮಾವ," ಎಂದ ಕೊನಾಯಿ.

ವೇಲಿನ್ ಭಾವನಿಗೆ ಇನ್ನೊಂದು ಪಾಠ ಹೇಳಿದಳು. "ಕೆಳಗೆ ಏನಾದ್ರೂ ಆಗಿ ನನ್ನ ಗಾಳಿ ಕುಡಿದ್ರೆ, ಆಮೇಲೆ ಉಸಿರು ಹಿಡಿದು ಮೇಲೆ ಬರಬೇಡ. ಮೇಲೆ ಬಂದ ಹಾಗೆ ಆ ಗಾಳಿ ಹಿಗ್ಗುತ್ತೆ, ಎದೆ ಒಡೆದು ಹೋಗುತ್ತೆ. ಊದುತ್ತಾ ಬರಬೇಕು. ಬಿಸಿ ಗಂಜಿ ಊದಿದ ಹಾಗೆ."

"ಗಂಜಿ ಊದಿ ಕುಡಿಯೋ ತಾಳ್ಮೆ ನನಗೆಲ್ಲಿ," ಎಂದ ಕೊನಾಯಿ. ಆದರೂ ನಾಲ್ಕು ಸಲ ಊದಿ ತೋರಿಸಿದ.

*

ಮರುದಿನ ನೀರು ಗಾಜಿನಂತಿತ್ತು. ವೇಲಿನ್ ಇಳಿದಾಗ ಚೀಲದ ಮೀನುಗಳು ಸುತ್ತುತ್ತಿದ್ದವು. ಹೆಬ್ಬೆರಳು ತೋರುಬೆರಳು ಸೇರಿಸಿ, ಸರಿಯೆಂದು ಕೊನಾಯಿಗೆ ತೋರಿಸಿದಳು. ಅವನು ಆಮೆಯಂತೆ ತಲೆ ಬಗ್ಗಿಸಿ ಮುಳುಗಿದ.

ಕೆಲಸ ಬಿರುಸಾಗಿ ಸಾಗಿತು. ಕೊನಾಯಿ ಮುಳುಗುವನು, ನಾಲ್ಕಾರು ಗಂಟು ಕೊಯ್ಯುವನು, ಮೇಲೇರಿ ಉಸಿರೆಳೆದು ಮತ್ತೆ ಮುಳುಗುವನು. ವೇಲಿನ್ ಹವಳದ ಕೊಂಬೆ ಮುರಿಯದಂತೆ ಒಂದೊಂದೇ ಎಳೆ ಬಿಡಿಸಿ ಕೊಯ್ಯುವಳು. ಡ್ರಮ್ಮು ಕಟ್ಟಿದ ಬಲೆಯ ತುಂಡುಗಳು ಮೋಡದಂತೆ ಎದ್ದು ಮೇಲಕ್ಕೆ ಹೋದವು. ಮೇಲೆ ದೋಣಿಯ ಕರಿನೆರಳು ಹಗ್ಗ ಬಿಗಿದು ಎಳೆದು ಹಿಡಿದಿತ್ತು. ಗೋಡೆ ಹಂತಹಂತವಾಗಿ ಬೆತ್ತಲಾಯಿತು. ನೇರಳೆ ಬೀಸಣಿಗೆಯ ಹವಳ, ಕಿತ್ತಳೆ ಬಣ್ಣದ ಪುಟ್ಟ ಮೀನುಗಳು ಮರಳಿ ಬಿಸಿಲು ಕಂಡವು.

ಆದರೆ ವೇಲಿನ್ ಮತ್ತೆ ಮತ್ತೆ ಚೀಲದ ಕಡೆ ನೋಡುತ್ತಿದ್ದಳು. ಬಲೆಗೆ ಉಜ್ಜಿ ಉಜ್ಜಿ ಮೀನುಗಳ ಮೈಯ ಹುರುಪೆ ಕಿತ್ತುಹೋಗಿತ್ತು. ನಿನ್ನೆಯಿಂದೀಚೆಗೆ ಕೆಲವು ಸತ್ತು ತಳಕ್ಕೆ ಬಿದ್ದಿದ್ದವು. ಉಳಿದವು ಓರೆಯಾಗಿ ತೂಗಾಡುತ್ತಾ ಸುತ್ತುತ್ತಿದ್ದವು. ಈಗಲೇ ಬಿಟ್ಟರೆ ಬದುಕಬಹುದು. ಆದರೆ ಬಿಟ್ಟರೆ ಸೆಳವಿನ ಸುಳಿವು ಹೇಳುವವರು ಯಾರು? ಬಲೆಯ ಕೆಳ ಅಂಚು, ಭಾರಕ್ಕೆಂದು ಕಟ್ಟಿದ ಸರಪಳಿ, ಇನ್ನೂ ಗೋಡೆಯ ಬಿರುಕಿನಲ್ಲಿ ಸಿಕ್ಕಿತ್ತು.

ಅವಳು ಒಂದು ಗಳಿಗೆ ತೇಲುತ್ತಾ ನಿಂತಳು. ಆಮೇಲೆ ಚೂರಿಯನ್ನು ಚೀಲದ ನೆತ್ತಿಗೆ ಹಾಕಿ ಸರ್ರನೆ ಸೀಳಿದಳು.

ಬಾಗಿಲು ತೆರೆದಿತ್ತು. ಮೀನು ಹೊರಬರಲಿಲ್ಲ. ತೆರೆದ ಬಾಗಿಲ ಮುಂದೆಯೇ ಸುತ್ತುತ್ತಾ ಹೋದವು, ಒಂದರ ಬಾಲ ಒಂದು ಹಿಡಿದು. ಹೋಗಿ, ಹೋಗಿ ಎಂದು ವೇಲಿನ್ ಮನಸ್ಸಿನಲ್ಲೇ ಕೂಗಿದಳು. ಕೊನೆಗೆ ಒಂದು ಮೀನು, ಬಾಲದಂಚು ಹರಿದದ್ದು, ಸುತ್ತಿನಿಂದ ತುಸು ಜಾರಿ ಸೀಳಿನ ಕಡೆ ತಿರುಗಿತು. ಅದು ತಿರುಗಿದ್ದೇ ತಡ, ಹಿಂದಿನದೂ ತಿರುಗಿತು, ಅದರ ಹಿಂದಿನದೂ. ಸೂಜಿಯ ಕಣ್ಣಿಗೆ ದಾರ ಪೋಣಿಸಿದಂತೆ ಇಡೀ ಗುಂಪು ಸೀಳಿನಿಂದ ಹರಿದು ಹೊರಗಿನ ನೀಲಿಗೆ ಹೋಯಿತು.

ಹೋಗಿಬಿಡುತ್ತವೆ ಎಂದುಕೊಂಡಿದ್ದಳು. ಹೋಗಲಿಲ್ಲ. ಗೋಡೆಯಿಂದ ಸ್ವಲ್ಪ ದೂರದಲ್ಲಿ ಬಾಗಿ ಮತ್ತೆ ಉಂಗುರವಾದವು. ಸಣ್ಣ ಉಂಗುರ. ಆಳದಿಂದ ಒಂಟಿ ಬ್ಯಾರಕುಡಾವೊಂದು ಎದ್ದು ಬಂದು ಅದರೊಳಗೆ ಸೇರಿತು. ಆಮೇಲೆ ಮೂರು. ಗೋಡೆಯ ಆಚೆ ಬದಿಯಿಂದ ಒಂದು ಹಿಂಡು. ದಿನಗಟ್ಟಲೆ ಬೆದರಿ ಚದುರಿಹೋಗಿದ್ದ ಮೀನುಗಳು ಎಲ್ಲಿದ್ದವೋ ಎಲ್ಲಿಂದಲೋ ಬಂದು ಕೂಡತೊಡಗಿದವು. ಉಂಗುರ ಚಕ್ರವಾಯಿತು. ಚಕ್ರ ನೀರಿನ ಮೇಲ್ಮೈಯವರೆಗೆ ಎದ್ದ ಬೆಳ್ಳಿಯ ಕಂಬವಾಯಿತು.

ವೇಲಿನ್ ಮುಖವಾಡದೊಳಗೆ ನಗುತ್ತಿದ್ದಳು. ಆ ನಗುವಿನಲ್ಲೇ ಕೊನಾಯಿಗೆ ಕೆಳ ಅಂಚನ್ನು ತೋರಿಸಿದಳು. ಇನ್ನೊಂದೇ ಗಂಟು. ಕೊನಾಯಿ ಮೇಲೆ ಹೋಗಿ ಎದೆ ತುಂಬ ಉಸಿರೆಳೆದು, ಇದುವರೆಗೆ ಇಳಿಯದಷ್ಟು ಆಳಕ್ಕೆ ಇಳಿದ. ಸರಪಳಿಯನ್ನು ಬಿರುಕಿನಿಂದ ಎಳೆದ. ಕಳಚಿತು!

ಕಳಚಿದ ಬಲೆ ದೋಣಿಯ ಎಳೆತಕ್ಕೆ ಬೀಸಿ ಬಂತು. ಅದರ ಒಂದು ಮಡಿಕೆ ಅವನ ಕಣಕಾಲಿಗೆ ಸುತ್ತಿಕೊಂಡಿತು. ಬಾಗಿದ. ಕತ್ತಿ ಹಾಕಿದ. ಕತ್ತಿ ಜಾರಿ ಕೆಳಗೆ ಬಿತ್ತು.

ವೇಲಿನ್ ಅತ್ತ ತಿರುಗುವ ಮುನ್ನ ಕಣ್ಣಂಚಿನಲ್ಲಿ ಕಂಡಳು: ಚಕ್ರ ನಿಂತಿತ್ತು. ನೂರಾರು ಮೀನುಗಳು ಒಂದೇ ಸಲ ಹೊರಕಡಲಿಗೆ ಮೂತಿ ಮಾಡಿದ್ದವು.

ಸೆಳವು ಬರುತ್ತಿದೆ.

ತಲೆಕೆಳಗಾಗಿ ಧುಮುಕಿದಳು. ಕೊನಾಯಿಯ ಎದೆ ಜಗ್ಗುತ್ತಿತ್ತು; ಇನ್ನೊಂದು ಗಳಿಗೆಯಲ್ಲಿ ಬಾಯಿ ತೆರೆದು ನೀರು ಎಳೆಯುತ್ತಾನೆ. ತನ್ನ ಬಾಯಿಯ ಗಾಳಿಕೊಳವೆ ಕಿತ್ತು ಅವನ ಬಾಯಿಗೆ ತುರುಕಿದಳು. ಅವನು ಎಳೆದ. ಕೆಮ್ಮಿದ. ಮತ್ತೆ ಎಳೆದ. ಅವಳು ಉಸಿರಿಲ್ಲದೆ ಅವನ ಕಾಲಿನ ದಾರ ಕೊಯ್ದಳು. ಒಂದು ಎಳೆ. ಇನ್ನೊಂದು. ಕೊಳವೆ ಇಸಿದುಕೊಂಡು ಎರಡು ಉಸಿರು ಕುಡಿದಳು, ತಿರುಗಿ ಕೊಟ್ಟಳು. ಮೂರನೆಯ ಎಳೆ.

ಕಾಲು ಬಿಡಿಸಿಕೊಂಡಿತು. ಅದೇ ಹೊತ್ತಿಗೆ ಸೆಳವು ಅವರ ನೆತ್ತಿಯ ಮೇಲೆ ಬಿತ್ತು.

ಇಬ್ಬರೂ ಗೋಡೆಗೆ ಒರಗಿದರು. ಹಿಡಿಯಲು ಬಲೆಯಿಲ್ಲ, ಬರಿ ಬಂಡೆ. ವೇಲಿನ್ ಭಾವನ ರಟ್ಟೆ ಹಿಡಿದು ಒಂದು ಬಿರುಕಿನಿಂದ ಇನ್ನೊಂದಕ್ಕೆ ಬೆರಳು ಹೂಡುತ್ತಾ ಏರಿದಳು. ಸೊಂಟದ ಹಗ್ಗ ಬಿಗಿಯಾಯಿತು. ಮೇಲೆ ಮಾವ ಎಳೆಯುತ್ತಿದ್ದ. ನಿಧಾನ, ಜಗ್ಗದೆ, ಬಿಡದೆ. ಕೊನಾಯಿಯ ಕೆನ್ನೆ ಉಬ್ಬಿದ್ದು ಕಂಡು ಅವಳು ಅವನ ಹೊಟ್ಟೆಗೆ ಗುದ್ದಿದಳು. ಊದು! ಅವನ ಬಾಯಿಂದ ಗುಳ್ಳೆಗಳು ಉಕ್ಕಿದವು. ಊದುತ್ತಾ, ಹಂಚಿಕೊಂಡು ಉಸಿರಾಡುತ್ತಾ, ಗೋಡೆಗುಂಟ ತೆವಳುತ್ತಾ ಅವರು ಬೆಳಕಿನ ಕಡೆ ಬಂದರು.

ನೀರಿನ ಮೇಲೆ ತಲೆ ಎತ್ತಿದಾಗ ಕಿತುರು ಇಬ್ಬರ ಅಂಗಿಯನ್ನೂ ಹಿಡಿದು ದೋಣಿಯೊಳಗೆ ಎಳೆದುಹಾಕಿದ.

ಕೊನಾಯಿ ಅಂಗಾತ ಬಿದ್ದು ಆಕಾಶ ನೋಡಿದ. ಆಮೇಲೆ, "ನಾದಿನಿ," ಎಂದ ಕ್ಷೀಣವಾಗಿ, "ಗಂಜಿ ತುಂಬಾ ಉಪ್ಪಾಗಿತ್ತು."

ವೇಲಿನ್ ನಗಲು ಹೋಗಿ ಅತ್ತುಬಿಟ್ಟಳು.

ಕಿತುರು ಅವರಿಬ್ಬರ ಉಸಿರು ನೆಟ್ಟಗಾದದ್ದನ್ನು ನೋಡಿಕೊಂಡು, ಅವಳ ಮುಖವಾಡ ತೆಗೆದುಕೊಂಡು ದೋಣಿಯ ಅಂಚಿನಲ್ಲಿ ಮೊಣಕಾಲೂರಿದ. ಮುಖವನ್ನು ನೀರಿನೊಳಗೆ ಇಟ್ಟ. ಮೇಲೆತ್ತಿ ಉಸಿರೆಳೆದು ಮತ್ತೆ ಇಟ್ಟ. ಹಾಗೇ ಎಷ್ಟು ಹೊತ್ತು ಇದ್ದನೋ! ಕೆಳಗೆ ಬ್ಯಾರಕುಡಾಗಳು ಸೆಳವಿಗೆ ಎದುರಾಗಿ, ತಮ್ಮ ಹಳೆಯ ಜಾಗದಲ್ಲಿ, ಸಾಲು ಸಾಲಾಗಿ ನಿಂತಿದ್ದವು.

*

ಬಲೆಯ ತುಂಡುಗಳನ್ನು ಡ್ರಮ್ಮುಗಳ ಸಮೇತ ಕಟ್ಟಿ ದೋಣಿಯ ಹಿಂದೆ ಎಳೆದುಕೊಂಡು ಹೊರಟರು. ಭಾರಕ್ಕೆ ಯಂತ್ರ ತಿಣುಕಿತು. ಹೋಗುವಾಗ ಅರ್ಧ ದಿನ ಹಿಡಿದ ಹಾದಿ ಈಗ ಮುಗಿಯಲೇ ಒಲ್ಲದು. ಅಳಿವೆಯ ಬಾಯಿ ಕಾಣುವ ಹೊತ್ತಿಗೆ ಪೆಟ್ರೋಲು ಮುಗಿದು ಯಂತ್ರ ಒಮ್ಮೆ ಕೆಮ್ಮಿ ನಿಂತುಹೋಯಿತು.

"ಬಲೆ ಬಿಟ್ಟುಬಿಡೋಣವಾ?" ಕೊನಾಯಿ ಕೇಳಿದ. ಅವನ ಕಣಕಾಲು ಊದಿಕೊಂಡಿತ್ತು.

"ಬಿಟ್ರೆ ಇನ್ನೊಂದು ದಂಡೆಗೆ ಹೋಗಿ ಸಿಕ್ಕಿಕೊಳ್ಳುತ್ತೆ," ಎಂದ ಕಿತುರು. "ಹುಟ್ಟು ತಗೊ."

ಮೂವರೂ ಹುಟ್ಟು ಹಾಕಿದರು. ಗೀರಿದ ಅಂಗೈಗೆ ಅಂಗಿ ಹರಿದು ಸುತ್ತಿಕೊಂಡು ವೇಲಿನ್ ಹಾಕಿದಳು. ಉಬ್ಬರ ಅವರ ಕಡೆಗಿತ್ತು. ಅಷ್ಟಷ್ಟೇ ಒಳಗೆ ತಳ್ಳಿತು. ದಡದಿಂದ ಯಾರೋ ಕಂಡರು. ಒಂದು ತೋಡುದೋಣಿ ಬಂತು, ಆಮೇಲೆ ನಾಲ್ಕು, ಆಮೇಲೆ ಇಡೀ ಊರಿನ ದೋಣಿಗಳೇ ಬಂದು ಹಗ್ಗ ಹಿಡಿದವು.

ದಡದಲ್ಲಿ ಬಲೆ ಹರಡಿದಾಗ ಇಗರ್ಜಿಯ ಅಂಗಳದಷ್ಟು ಜಾಗ ಬೇಕಾಯಿತು. ಜನ ಸುತ್ತ ನಿಂತು ನೋಡಿದರು. ರಿರಿಂಗಿ ಊರುಗೋಲಿನಿಂದ ಬಲೆಯನ್ನು ತಟ್ಟಿ ನೋಡಿ, ಕಿತುರುವಿನ ಕಡೆ ತಿರುಗಿದ.

"ಮೀನು ಉಳಿದಿದ್ಯಾ?"

"ಇದೆ."

"ಎಷ್ಟು?"

ಕಿತುರು ತಲೆ ಕೆರೆದುಕೊಂಡ. "ಮುಖ ನೀರೊಳಗಿಟ್ಟು ಉಸಿರು ಮುಗಿಯೋವರೆಗೆ ನೋಡ್ದೆ. ಮತ್ತೆ ನೋಡ್ದೆ. ನನ್ನ ಉಸಿರು ಮುಗೀತು, ಮೀನು ಮುಗೀಲಿಲ್ಲ."

"ಹಾಗಾದ್ರೆ ಹಿಡಿಯೋಕೆ ಆಗುತ್ತಲ್ಲ!" ಭಾನುವಾರ ಕಟ್ಟು ತೆಗೆಯಿರಿ ಎಂದವನು ಮುಂದೆ ಬಂದ. "ಅದನ್ನೇ ನೀವೂ ಹೇಳ್ತಿದ್ರಿ ಕಿತುರಣ್ಣ."

"ಹೇಳ್ತಿದ್ದೆ. ಮೀನೇ ಬರಲ್ಲ ಅಂತ ಹೇಳ್ತಿದ್ದೆ. ಬಂದಿದೆ." ಕಿತುರು ಅವನ ಭುಜದ ಮೇಲೆ ಕೈ ಇಟ್ಟ. "ಕಟ್ಟು ಇರ್ಲಿ. ಬೇಕಾದ್ರೆ ಬಾ, ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ. ನೋಡಿದ ಮೇಲೂ ಹಿಡೀಬೇಕು ಅನ್ಸಿದ್ರೆ ಆಗ ಜಗಳ ಆಡೋಣ."

ಆ ಮನುಷ್ಯ ಏನೋ ಗೊಣಗಿದ. ಆದರೆ ಕೈ ಕೊಡವಲಿಲ್ಲ. ರಿರಿಂಗಿ, "ಆಯ್ತು, ಇರ್ಲಿ," ಎಂದು ಮಾತು ಮುಗಿಸಿದ. ಅಷ್ಟರಲ್ಲಿ ಆಚೆ ಕೊನಾಯಿ ಕಾಲಿಗೆ ಎಲೆಯ ಪಟ್ಟು ಕಟ್ಟಿಸಿಕೊಂಡು ತನ್ನ ಕತೆ ಶುರು ಮಾಡಿದ್ದ. ಎರಡನೆಯ ಸಲ ಹೇಳುವಾಗಲೇ ಶಾರ್ಕುಗಳು ದುಪ್ಪಟ್ಟಾಗಿದ್ದವು. ಅವನ ಹೆಂಡತಿ ಬೆನ್ನಿಗೊಂದು ಗುದ್ದು ಹಾಕಿ, ಆಮೇಲೆ ಅದೇ ಬೆನ್ನಿಗೆ ಒರಗಿ ಕಣ್ಣೊರೆಸಿಕೊಂಡಳು.

ವೇಲಿನ್ ದೂರದಲ್ಲಿ ತೆಂಗಿನ ಬುಡಕ್ಕೆ ಕೂತಿದ್ದಳು. ಯಾರೋ ಮರಗೆಣಸಿನ ಕಡುಬು ಎಲೆಯಲ್ಲಿಟ್ಟು ಕೊಟ್ಟಿದ್ದರು. ಹೊಟ್ಟೆ ಹಸಿದು ಚುರುಗುಟ್ಟುತ್ತಿತ್ತು. ಆದರೆ ಅಂಗೈ ಊದಿಕೊಂಡು ಬೆರಳು ಮಡಚಲಾಗದೆ ಕಡುಬನ್ನು ಸುಮ್ಮನೆ ನೋಡುತ್ತಿದ್ದಳು.

ಕಿತುರು ಬಂದು ಅವಳ ಎದುರು ಕುಕ್ಕರುಗಾಲಿನಲ್ಲಿ ಕೂತ. ಮಾತಾಡದೆ ಕಡುಬನ್ನು ಮುರಿದ. ತೆಂಗಿನ ಹಾಲಿನಲ್ಲಿ ಅದ್ದಿ, ಒಂದು ತುತ್ತು ಅವಳ ಬಾಯಿಯ ಹತ್ತಿರ ಹಿಡಿದ.

"ಬಿಸಿ ಇದೆ," ಎಂದ, "ಮೆಲ್ಲಗೆ ತಿನ್ನು."